ಭಾಂಗ್ ಕುಡಿದರೆ ಬಾಯಿ ಯಾಕೆ ಆರುತ್ತದೆ?

ಹೋಳಿ ಮುಗಿದ ವಾರ ದೆಹಲಿಯ ನನ್ನ ಹಲ್ಲಿನ ಕ್ಲಿನಿಕ್‌ಗೆ ಒಂದೇ ಥರದ ದೂರು ಬರುತ್ತದೆ. ಬಾಯಿ ಒಣಗಿದೆ, ನಾಲಿಗೆ ಅಂಗುಳಕ್ಕೆ ಅಂಟುತ್ತಿದೆ, ಎಷ್ಟು ನೀರು ಕುಡಿದರೂ ಅಷ್ಟೇ. ಬರುವವರಲ್ಲಿ ನಮ್ಮ ಕಡೆಯ ಹುಡುಗರೂ ಇರುತ್ತಾರೆ. ಗುರುಗ್ರಾಮದಲ್ಲಿ ಕೆಲಸ, ಮುನಿರ್ಕಾದಲ್ಲಿ ರೂಮು. ‘ಗೆಳೆಯರ ಜೊತೆ ಠಂಡಾಯಿ ಕುಡಿದೆ’ ಅನ್ನುತ್ತಾರೆ. ಅದರಲ್ಲಿ ಭಾಂಗ್ ಇತ್ತಾ ಎಂದರೆ ಮೊದಲು ನಗು, ಆಮೇಲೆ ಉತ್ತರ.

ಊರಲ್ಲಿ ಗಾಂಜಾ ಎಂದರೆ ಪೊಲೀಸ್ ಕೇಸು. ಇಲ್ಲಿ ಪಕ್ಕದ ಉತ್ತರ ಪ್ರದೇಶದಲ್ಲಿ ಭಾಂಗ್‌ಗೆ ಸರ್ಕಾರಿ ಪರವಾನಗಿಯ ಅಂಗಡಿಗಳೇ ಇವೆ. 1985ರ ಎನ್‌ಡಿಪಿಎಸ್ ಕಾಯ್ದೆ ಗಿಡದ ಹೂತುದಿ ಮತ್ತು ಅಂಟನ್ನು, ಅಂದರೆ ಗಾಂಜಾ ಮತ್ತು ಚರಸ್ಸನ್ನು, ನಿಷೇಧಿಸುತ್ತದೆ. ಬರೀ ಎಲೆ ಅದರ ವ್ಯಾಖ್ಯೆಯಲ್ಲಿಲ್ಲ. ಹಾಗಂತ ಭಾಂಗ್ ಬೇರೆ ವಸ್ತುವೇನಲ್ಲ. ಗಿಡ ಅದೇ, ಮತ್ತು ಬರಿಸುವ ಟಿಎಚ್‌ಸಿ ಎಂಬ ರಾಸಾಯನಿಕವೂ ಅದೇ.

ಕನ್ನಡದಲ್ಲಿ ಬಾಯಾರಿಕೆ ಎಂಬ ಪದವೇ ಬಾಯಿ ಆರುವುದರಿಂದ ಬಂದದ್ದು. ಹಾಗಾಗಿ ಬಾಯಿ ಆರಿದರೆ ಮೈಗೆ ನೀರು ಬೇಕು ಎಂದು ನಾವು ಅಂದುಕೊಳ್ಳುತ್ತೇವೆ. ಇಲ್ಲಿ ಲೆಕ್ಕ ಬೇರೆ. ಸುಮ್ಮನಿರುವಾಗ ಬಾಯಿಗೆ ಬರುವ ಜೊಲ್ಲಿನ ಹೆಚ್ಚಿನ ಪಾಲು ಕೆಳದವಡೆಯ ಅಡಿಯಲ್ಲಿರುವ ಎರಡು ಗ್ರಂಥಿಗಳದ್ದು. ಜೊಲ್ಲು ಸುರಿಸು ಎಂದು ನರಗಳು ಅವಕ್ಕೆ ಕೊಡುವ ಸೂಚನೆಯನ್ನು ಟಿಎಚ್‌ಸಿ ತಡೆಯುತ್ತದೆ. ಇಲಿಗಳ ಮೇಲಿನ ಪ್ರಯೋಗಗಳಲ್ಲಿ ಇದು ಸ್ಪಷ್ಟವಾಗಿ ಕಂಡಿದೆ. ಅಂದರೆ ಟ್ಯಾಂಕಿನಲ್ಲಿ ನೀರಿದೆ, ನಲ್ಲಿ ಮಾತ್ರ ಬಂದ್ ಆಗಿದೆ. ಹೊಗೆಯ ಬಿಸಿಯಿಂದ ಬಾಯಿ ಒಣಗುತ್ತದೆ ಎಂಬ ಮಾತೂ ಪೂರ್ತಿ ನಿಜವಲ್ಲ. ಹೊಗೆಯೇ ಇಲ್ಲದ ಠಂಡಾಯಿಯೂ ಒಣಗಿಸುತ್ತದೆ. ಸೇದಿದರೆ ಕೆಲವು ಗಂಟೆಯಲ್ಲಿ ಸರಿಹೋಗುತ್ತದೆ. ಕುಡಿದದ್ದು ಏರಲು ಅರ್ಧ ಗಂಟೆಯಿಂದ ಎರಡು ಗಂಟೆ ಬೇಕು, ಇಳಿಯಲು ಇನ್ನೂ ಹೆಚ್ಚು. ‘ಏನೂ ಆಗಲಿಲ್ಲ’ ಎಂದು ಎರಡನೇ ಲೋಟ ಎತ್ತುವವರು ಸಿಕ್ಕಿಬೀಳುವುದು ಇಲ್ಲೇ.

ಒಂದು ದಿನ ಬಾಯಿ ಒಣಗಿದರೆ ಹಲ್ಲು ಹಾಳಾಗುವುದಿಲ್ಲ. ನನಗೆ ಚಿಂತೆ ವಾರಕ್ಕೆ ನಾಲ್ಕೈದು ರಾತ್ರಿ ಸೇದುವವರದ್ದು. ಜೊಲ್ಲು ಬರೀ ನೀರಲ್ಲ. ತಿಂದ ಮೇಲೆ ಹುಟ್ಟುವ ಆಮ್ಲವನ್ನು ಅದು ತಣಿಸುತ್ತದೆ, ಸವೆದ ಹಲ್ಲಿಗೆ ಕ್ಯಾಲ್ಸಿಯಂ ಮರಳಿಸುತ್ತದೆ. ಅದಿಲ್ಲದ ಹೊತ್ತಲ್ಲೇ ಸಿಹಿಯ ಆಸೆಯೂ ಕೆರಳುತ್ತದೆ: ರಾತ್ರಿ ಒಂದು ಗಂಟೆಗೆ ಕೋಲಾ, ಗುಲಾಬ್ ಜಾಮೂನ್, ಬ್ರಷ್ ಮಾಡದೆ ನಿದ್ದೆ. ಮೂವತ್ತು ತುಂಬದವರ ವಸಡಿನಂಚಿನಲ್ಲಿ ಸಾಲಾಗಿ ಹುಳುಕು ಕಂಡಾಗ ನಾನು ಕೇಳುವ ಪ್ರಶ್ನೆಗಳಲ್ಲಿ ಇದೂ ಒಂದು.

ಹಾಗಾದರೆ ಏನು ಮಾಡಬೇಕು? ನೀರನ್ನು ಗಟಗಟ ಕುಡಿಯುವುದರಲ್ಲಿ ಅರ್ಥವಿಲ್ಲ. ಗುಟುಕು ಗುಟುಕಾಗಿ ಬಾಯಲ್ಲಿ ಆಡಿಸಿ ನುಂಗಿ. ಸಕ್ಕರೆಯಿಲ್ಲದ ಚ್ಯೂಯಿಂಗ್ ಗಮ್ ಒಳ್ಳೆಯದು, ಜಗಿತವೇ ಗ್ರಂಥಿಗಳನ್ನು ಎಬ್ಬಿಸುತ್ತದೆ. ನಿಂಬೆಹೋಳು ಚೀಪು, ಹುಣಸೆ ಚೀಪು ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಹುಳಿಗೆ ಜೊಲ್ಲು ಬರುವುದು ನಿಜ, ಆದರೆ ಒಣಬಾಯಲ್ಲಿ ಆ ಹುಳಿ ಹಲ್ಲಿನ ಮೇಲ್ಪದರವನ್ನೇ ಕರಗಿಸುತ್ತದೆ. ಆಲ್ಕೋಹಾಲ್ ಇರುವ ಮೌತ್‌ವಾಶ್, ಸಿಗರೇಟು, ಗುಟ್ಕಾ ಒಣಗಿದ್ದನ್ನು ಇನ್ನೂ ಒಣಗಿಸುತ್ತವೆ. ಒಂದು ಲೋಟ ನೀರಿಗೆ ಕಾಲು ಚಮಚ ಅಡುಗೆ ಸೋಡಾ, ಚಿಟಿಕೆ ಉಪ್ಪು ಹಾಕಿ ಮುಕ್ಕಳಿಸಿದರೆ ಹಿತವೆನಿಸುತ್ತದೆ. ಹಸಿವಾದರೆ ಚಿಪ್ಸ್ ಬಿಟ್ಟು ಮೊಸರನ್ನ ತಿನ್ನಿ. ಮಲಗುವ ಮುನ್ನ ಫ್ಲೋರೈಡ್ ಪೇಸ್ಟಿನಲ್ಲಿ ಬ್ರಷ್ ಮಾಡುವುದನ್ನು ಮಾತ್ರ ಯಾವ ಕಾರಣಕ್ಕೂ ತಪ್ಪಿಸಬೇಡಿ. ಇವೆಲ್ಲ ತಾತ್ಕಾಲಿಕ, ಸೇವನೆ ನಿಂತರೆ ಜೊಲ್ಲು ತಾನಾಗಿ ಮರಳುತ್ತದೆ.

ನಿಲ್ಲಿಸಿ ಎರಡು ವಾರವಾದರೂ ಬಾಯಿ ಆರುತ್ತಿದ್ದರೆ ಕಾರಣ ಬೇರೆ ಇರಬಹುದು. ಸಕ್ಕರೆ ಕಾಯಿಲೆಯ ಪರೀಕ್ಷೆ ಮಾಡಿಸಿ. ಅಲರ್ಜಿಗೆ ನುಂಗುವ ಸೆಟಿರಿಜಿನ್, ಖಿನ್ನತೆಗೆ ಕೊಡುವ ಕೆಲವು ಮಾತ್ರೆಗಳೂ ಹೀಗೆ ಮಾಡುತ್ತವೆ.

ಹಲ್ಲಿನ ಡಾಕ್ಟರ ಹತ್ತಿರ ಮುಚ್ಚಿಡಬೇಡಿ. ನಾವು ಪೊಲೀಸರಲ್ಲ, ನಿಮ್ಮ ಅಪ್ಪನಿಗೆ ಫೋನ್ ಮಾಡುವವರೂ ಅಲ್ಲ. ನಾವು ಕೇಳುವುದಕ್ಕೆ ಕಾರಣವಿದೆ. ಟಿಎಚ್‌ಸಿ ಎದೆಬಡಿತ ಏರಿಸುತ್ತದೆ, ಹಲ್ಲು ಮರಗಟ್ಟಿಸಲು ಕೊಡುವ ಇಂಜೆಕ್ಷನ್‌ನಲ್ಲಿರುವ ಅಡ್ರಿನಲಿನ್ ಕೂಡ ಏರಿಸಬಲ್ಲದು. ಆ ದಿನ ಸೇದಿ ಬಂದಿದ್ದೇನೆ ಎಂದು ಹೇಳಿದವರಿಗೆ ನಾನು ಬೈಯುವುದಿಲ್ಲ, ಸೂಜಿಯನ್ನೂ ಚುಚ್ಚುವುದಿಲ್ಲ. ಇನ್ನೊಂದು ದಿನಕ್ಕೆ ಅಪಾಯಿಂಟ್‌ಮೆಂಟ್ ಬರೆದುಕೊಟ್ಟು ಕಳಿಸುತ್ತೇನೆ.