ಮಗುವಿಗೆ ಮೇಲಿನ ಆಹಾರ ಯಾವಾಗ?

ಪೈರಿಗೆ ಮೇಲುಗೊಬ್ಬರವನ್ನು ಹದ ನೋಡಿ ಕೊಡಬೇಕೆಂಬುದು ರೈತರೆಲ್ಲರಿಗೂ ತಿಳಿದ ವಿಷಯ. ಮಗುವಿಗೆ ಎದೆಹಾಲಿನ ಜೊತೆಗೆ ಮೇಲಿನ ಆಹಾರ ಆರಂಭಿಸುವಾಗ ಮಾತ್ರ ಅಷ್ಟು ಎಚ್ಚರಿಕೆ ಕಂಡುಬರುವುದಿಲ್ಲ. ನಾಟಿ, ಕಳೆಯ ದಿನಗಳಲ್ಲಿ ತಾಯಿ ಹೊಲಕ್ಕೆ ಹೋಗಬೇಕೆಂದು ಮೂರನೆಯ ತಿಂಗಳಿಗೇ ರಾಗಿಗಂಜಿಯ ತಿಳಿ ಕುಡಿಸುವವರಿದ್ದಾರೆ. ಹಲ್ಲು ಬರಲಿ ಎಂದು ಹತ್ತನೆಯ ತಿಂಗಳವರೆಗೆ ಕಾಯುವವರೂ ಇದ್ದಾರೆ. ಎರಡರಿಂದಲೂ ಮಗುವಿಗೆ ಹಾನಿಯೇ.

6 ತಿಂಗಳು ತುಂಬುವವರೆಗೆ ತಾಯಿಯ ಹಾಲೊಂದೇ ಸಾಕು. ಬೇಸಿಗೆಯಲ್ಲಿಯೂ ಬೇರೆ ನೀರು ಬೇಕಿಲ್ಲ. ಹಿಂದೆ 4ರಿಂದ 6 ತಿಂಗಳೆಂದು ಹೇಳಲಾಗುತ್ತಿತ್ತು. 2001ರಲ್ಲಿ ವಿಶ್ವ ಆರೋಗ್ಯ ಸಭೆಯು 6 ತಿಂಗಳ ಕಾಲ ಎದೆಹಾಲು ಮಾತ್ರ ಎಂದು ಶಿಫಾರಸು ಮಾಡಿತು. ಮುಂಚೆಯೇ ಗಂಜಿ ಕುಡಿಸಿದರೆ ಮಗು ಹಾಲು ಕುಡಿಯುವುದು ಕಡಿಮೆಯಾಗುತ್ತದೆ, ಅದರಿಂದ ತಾಯಿಯ ಹಾಲೂ ಇಳಿಯುತ್ತದೆ. ಪಾತ್ರೆ, ನೀರಿನ ಮೂಲಕ ಭೇದಿ ತಗಲುವ ಅಪಾಯ ಬೇರೆ.

6 ತಿಂಗಳಾದ ಮೇಲೆ ಲೆಕ್ಕ ಬದಲಾಗುತ್ತದೆ. 6ರಿಂದ 8 ತಿಂಗಳ ಮಗುವಿಗೆ ದಿನಕ್ಕೆ ಸುಮಾರು 600 ಕ್ಯಾಲೊರಿ ಬೇಕು. ಎದೆಹಾಲಿನಿಂದ ಸುಮಾರು 400 ಸಿಗುತ್ತದೆ. ಉಳಿದ 200 ಕ್ಯಾಲೊರಿ ಆಹಾರದಿಂದಲೇ ಬರಬೇಕು. ಹುಟ್ಟುವಾಗ ಮೈಯಲ್ಲಿದ್ದ ಕಬ್ಬಿಣದ ಸಂಗ್ರಹವೂ ಈ ವೇಳೆಗೆ ಕರಗುತ್ತ ಬಂದಿರುತ್ತದೆ. ಕತ್ತು ನಿಲ್ಲುವುದು, ಆಸರೆ ಕೊಟ್ಟರೆ ಕೂರುವುದು, ಬಾಯಿಗಿಟ್ಟದ್ದನ್ನು ನಾಲಿಗೆಯಿಂದ ಹೊರದೂಡದಿರುವುದು ಮಗು ಸಿದ್ಧವಾಗಿರುವ ಲಕ್ಷಣಗಳು. ಹಲ್ಲಿಗಾಗಿ ಕಾಯಬೇಕಿಲ್ಲ. ಅನ್ನಪ್ರಾಶನವನ್ನು ಗಂಡುಮಗುವಿಗೆ ಸಮ ತಿಂಗಳಲ್ಲಿ, ಹೆಣ್ಣುಮಗುವಿಗೆ ಬೆಸ ತಿಂಗಳಲ್ಲಿ ಮಾಡುವ ರೂಢಿ ಹಲವೆಡೆ ಇದೆ. ಶಾಸ್ತ್ರ ಯಾವಾಗ ಬೇಕಾದರೂ ನಡೆಯಲಿ. ಹೊಟ್ಟೆಗೆ ಹೆಣ್ಣು ಗಂಡೆಂಬ ಭೇದವಿಲ್ಲ. ದಿನ ತುಂಬುವ ಮೊದಲೇ ಹುಟ್ಟಿದ ಮಗುವಿನ ವಿಷಯದಲ್ಲಿ ವೈದ್ಯರನ್ನು ಕೇಳುವುದು ಒಳ್ಳೆಯದು.

ನಮ್ಮ ಕಡೆ ಮೊದಲ ಆಹಾರವೆಂದರೆ ರಾಗಿಸರಿ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದಂಶವಿದೆ. ಆದರೆ ಹಿಟ್ಟು ಬೆಂದಾಗ ಗಟ್ಟಿಯಾಗುವುದರಿಂದ ನೀರು ಬೆರೆಸಿ ತೆಳು ಮಾಡುತ್ತಾರೆ. ಪುಟ್ಟ ಹೊಟ್ಟೆ ನೀರಿನಿಂದಲೇ ತುಂಬುತ್ತದೆ. ಮಗುವಿನ ತೂಕ ಏರುವುದಿಲ್ಲ. ಇದಕ್ಕೆ ಮೊಳಕೆ ಕಟ್ಟುವುದೇ ಉತ್ತಮ ಉಪಾಯ. ಮೊಳೆತ ಕಾಳಿನಲ್ಲಿ ಹುಟ್ಟುವ ಅಮೈಲೇಸ್ ಎಂಬ ಕಿಣ್ವ ಪಿಷ್ಟವನ್ನು ಒಡೆಯುತ್ತದೆ. ಹೀಗಾಗಿ ಅಷ್ಟೇ ನೀರಿಗೆ ಹೆಚ್ಚು ಹಿಟ್ಟು ಹಾಕಿದರೂ ಸರಿ ಗಂಟಾಗದೆ ನುಣುಪಾಗಿರುತ್ತದೆ. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದಲ್ಲಿ 1980ರ ಸುಮಾರಿಗೆ ಈ ಬಗ್ಗೆ ಕೆಲಸ ನಡೆದಿದೆ; ಆದರೆ ಅಜ್ಜಿಯರು ಇದನ್ನು ಮೊದಲಿನಿಂದಲೂ ಮಾಡುತ್ತಿದ್ದರು.

ಕಲ್ಲು ಆರಿಸಿದ ರಾಗಿಯನ್ನು ತೊಳೆದು ಒಂದು ರಾತ್ರಿ ನೆನೆಸಬೇಕು. ನೀರು ಬಸಿದು ಶುಚಿಯಾದ ಒದ್ದೆ ಬಟ್ಟೆಯಲ್ಲಿ ಒಂದರಿಂದ ಎರಡು ದಿನ ಕಟ್ಟಿಡಬೇಕು. ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿ, ಮೊಳಕೆ ಉಜ್ಜಿ ತೆಗೆದು, ಘಮ ಬರುವಷ್ಟು ಹುರಿದು ಬೀಸಿ ಜರಡಿ ಹಿಡಿಯಬೇಕು. ಬೂಷ್ಟು ಕಂಡ ಕಾಳನ್ನು ಎಸೆಯಬೇಕು. ಮೂರು ಪಾಲು ರಾಗಿಗೆ ಒಂದು ಪಾಲು ಹುರಿದ ಹೆಸರುಬೇಳೆ ಸೇರಿಸಿದರೆ ಸಸಾರಜನಕದ ಕೊರತೆ ನೀಗುತ್ತದೆ. ಈ ಹಿಟ್ಟನ್ನು ಚೆನ್ನಾಗಿ ಕುದಿಸಿಯೇ ಕೊಡಬೇಕು. 30 ಗ್ರಾಂ ಹಿಟ್ಟಿನಿಂದ ಸುಮಾರು 100 ಕ್ಯಾಲೊರಿ, ಒಂದು ಚಹಾ ಚಮಚ ತುಪ್ಪದಿಂದ 45ರಷ್ಟು ಸಿಗುತ್ತದೆ. ಚಮಚ ಓರೆ ಮಾಡಿದರೆ ಥಟ್ಟನೆ ಜಾರದ ಹದ ಸರಿಯಾದದ್ದು.

ಮೊದಲು ದಿನಕ್ಕೆ ಎರಡು ಮೂರು ಬಾರಿ, ಎರಡು ಮೂರು ಚಮಚದಷ್ಟು ಸಾಕು. ಒಂಬತ್ತು ತಿಂಗಳ ವೇಳೆಗೆ ಮೂರು ನಾಲ್ಕು ಬಾರಿ ಕೊಡಬೇಕು. ರಾಗಿಯೊಂದನ್ನೇ ನೆಚ್ಚದೆ ಬೇಯಿಸಿ ಮಸೆದ ಸೊಪ್ಪು, ಕುಂಬಳ, ಬಾಳೆಹಣ್ಣು, ತಿನ್ನುವ ಮನೆಗಳಲ್ಲಿ ಮೊಟ್ಟೆ, ಮೀನನ್ನು ರೂಢಿಸಬೇಕು. ಉಪ್ಪು, ಸಕ್ಕರೆ ಬೇಡ. ಒಂದು ವರ್ಷದವರೆಗೆ ಜೇನು ನೆಕ್ಕಿಸಬಾರದು. ಇಡೀ ಕಡಲೆಕಾಯಿ ಬೀಜ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಎದೆಹಾಲನ್ನು ಎರಡು ವರ್ಷದವರೆಗಾದರೂ ಮುಂದುವರಿಸಬೇಕು.

ಹೊಲಕ್ಕೆ ಹೋಗುವ ತಾಯಿ ಮಗುವನ್ನು ಜೊತೆಗೆ ಕರೆದೊಯ್ಯಲಾಗದಿದ್ದರೆ ಹಾಲನ್ನು ಕುದಿಸಿ ಆರಿಸಿದ ಸ್ಟೀಲು ಪಾತ್ರೆಗೆ ಹಿಂಡಿ ಮುಚ್ಚಿಡಬಹುದು. 25 ಡಿಗ್ರಿ ಮೀರದ ತಂಪಿನಲ್ಲಿ ಅದು 4 ಗಂಟೆ ಕೆಡುವುದಿಲ್ಲ. ಮನೆಯಲ್ಲಿರುವವರು ಅದನ್ನು ಒಳಲೆಯಲ್ಲಿ ಕುಡಿಸಬೇಕೇ ಹೊರತು ಸೀಸೆಯಲ್ಲಿ ಅಲ್ಲ.