ಎರಡು ಮನೆಗಳ ನಡುವೆ ಗಾಜಿನ ಎಳೆ

ಅಡ್ಡಮಳೆಯ ಮೋಡ ಕಟ್ಟಿತೆಂದರೆ ನಮ್ಮ ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ಕಡೆಯ ಅಜ್ಜಂದಿರು ಮೊದಲು ಹೇಳುವ ಮಾತು, “ಟಿವಿ ವೈರ್ ಕೀಳ್ರಪ್ಪಾ!” ಈಗ ಇಂಟರ್ನೆಟ್ ವೈರೂ ಬಂದಿದೆ. ಅಣ್ಣನ ಮಾಳಿಗೆಯಿಂದ ತಮ್ಮನ ಮಾಳಿಗೆಗೆ ಅದನ್ನು ಎಳೆದಿರುವುದನ್ನು ಓಣಿಗಳಲ್ಲಿ ನೋಡುತ್ತಿರುತ್ತೇನೆ.

“ಅಜ್ಜಾ, ಆ ವೈರಿನ್ಯಾಗ ಕರೆಂಟ್ ಭಾಳ ಸಣ್ಣದು ಇರತೈತಿ. ಅದಕ್ಯಾಕ ಹೆದರಬೇಕ್ರಿ?” ಎಂದು ಓಣಿಯ ಹುಡುಗನೊಬ್ಬ ಕೇಳಿದ. ಒಳ್ಳೆಯ ಪ್ರಶ್ನೆ. ಹೆದರಬೇಕಾದದ್ದು ಸಿಡಿಲಿಗೆ.

ಆ ವೈರಿನೊಳಗೆ ತಾಮ್ರದ 8 ಎಳೆಗಳಿರುತ್ತವೆ. ಸಿಡಿಲು ಹತ್ತಿರದಲ್ಲೆಲ್ಲೋ ಬಿದ್ದರೂ ಸಾಕು, ತಾಮ್ರದಲ್ಲಿ ಕ್ಷಣಕಾಲ ದೊಡ್ಡ ವೋಲ್ಟೇಜ್ ಹುಟ್ಟುತ್ತದೆ. ಇನ್ನೊಂದು ಸಂಗತಿಯೂ ಇದೆ. ಎರಡು ಮನೆಗಳ ಅರ್ಥಿಂಗ್ ಬೇರೆ ಬೇರೆ. ಒಂದು ಮನೆಯ ಹಿತ್ತಲಿಗೆ ಸಿಡಿಲು ಬಡಿದರೆ ಅಲ್ಲಿನ ನೆಲದ ವೋಲ್ಟೇಜ್ ಏರುತ್ತದೆ. ಪಕ್ಕದ ಮನೆಯದು ಅಷ್ಟು ಏರುವುದಿಲ್ಲ. ಕೆರೆಯ ನೀರು ತಗ್ಗಿನ ಗದ್ದೆಗೆ ನುಗ್ಗುವಂತೆ ವಿದ್ಯುತ್ ಅತ್ತ ನುಗ್ಗುತ್ತದೆ. ಅದಕ್ಕೆ ತಾಮ್ರವೇ ಕಾಲುವೆ. ಎರಡೂ ಮನೆಗಳ ಯಂತ್ರಗಳು ಸುಡಬಹುದು, ಮುಟ್ಟಿದವರ ಜೀವಕ್ಕೂ ಅಪಾಯ.

ಅದಕ್ಕೇ ನಾನು ಎಲ್ಲರಿಗೂ ಹೇಳುವುದು: ಮನೆಯೊಳಗೆ ತಾಮ್ರ ಇರಲಿ, ಮನೆಯಿಂದ ಮನೆಗೆ ಗಾಜು ಇರಲಿ. ಫೈಬರ್ ಎಂದರೆ ಕೂದಲಿನಷ್ಟು ಸಣ್ಣ ಗಾಜಿನ ಎಳೆ. ಅದರಲ್ಲಿ ಹರಿಯುವುದು ಬೆಳಕು; ಗಾಜು ವಿದ್ಯುತ್ತನ್ನು ಸಾಗಿಸುವುದಿಲ್ಲ. ‘ಫೈಬರ್ ಆಪ್ಟಿಕ್ಸ್’ ಎಂಬ ಹೆಸರನ್ನು 1960ರಲ್ಲಿ ಬಳಕೆಗೆ ತಂದವರು ಪಂಜಾಬಿನ ಮೋಗಾದಲ್ಲಿ ಹುಟ್ಟಿದ ನರಿಂದರ್ ಸಿಂಗ್ ಕಪಾನಿ. ಶುದ್ಧ ಗಾಜಿನಲ್ಲಿ ಸುದ್ದಿಯನ್ನು ಬಹುದೂರ ಕಳಿಸಬಹುದೆಂದು 1966ರಲ್ಲಿ ತೋರಿಸಿದ ಚಾರ್ಲ್ಸ್ ಕಾವೊ ಅವರಿಗೆ 2009ರಲ್ಲಿ ನೊಬೆಲ್ ಬಂತು.

ಹಿರಿಯರು ಗಮನಿಸಬೇಕಾದ ಮಾತುಗಳು:

● ಕೆಲವು ಫೈಬರ್ ವೈರುಗಳಲ್ಲಿ ಬಲಕ್ಕೆಂದು ಉಕ್ಕಿನ ತಂತಿ ಇರುತ್ತದೆ. ಲೋಹವೇ ಇಲ್ಲದ್ದನ್ನು ಕೇಳಿ ತನ್ನಿ. ಎರಡೂ ತುದಿಗೆ ಮೀಡಿಯಾ ಕನ್ವರ್ಟರ್ ಬೇಕು.

● ಮನೆಯೊಳಗಿನ ವೈರಿನ ಹೊದಿಕೆ ಬಿಸಿಲಿಗೆ ಬಿರಿಯುತ್ತದೆ. ಹೊರಗೆ ಬಳಸಲೆಂದೇ ಮಾಡಿದ್ದನ್ನು ಕೊಳ್ಳಿ.

● ಹೆಸ್ಕಾಂ ಕಂಬಕ್ಕೆ ವೈರ್ ಕಟ್ಟಬೇಡಿ, ವಿದ್ಯುತ್ ತಂತಿಯ ಹತ್ತಿರ ಒಯ್ಯಬೇಡಿ. ದಾರಿ ದಾಟುವುದಿದ್ದರೆ ಪಂಚಾಯಿತಿಯನ್ನು ಕೇಳಿ.

● ಈಗಾಗಲೇ ತಾಮ್ರ ಎಳೆದಿದ್ದರೆ ಗುಡುಗು ಶುರುವಾಗುವ ಮೊದಲೇ ಎರಡೂ ಕಡೆ ಕಿತ್ತಿಡಿ. ಗುಡುಗುವಾಗ ಮಾತ್ರ ಮುಟ್ಟಬೇಡಿ.

ಮಕ್ಕಳೇ, ಫೈಬರಿನ ತುದಿಯಲ್ಲಿ ಕಣ್ಣಿಟ್ಟು ಇಣುಕಬೇಡಿ. ಅದರಲ್ಲಿನ ಬೆಳಕು ಕಾಣುವುದಿಲ್ಲ, ಆದರೆ ಕಣ್ಣಿಗೆ ಕೆಡುಕು. ಮುರಿದ ಚೂರು ಚರ್ಮಕ್ಕೆ ಚುಚ್ಚಿಕೊಳ್ಳುತ್ತದೆ. ಇವತ್ತು ಅಜ್ಜನನ್ನು ಕರೆದುಕೊಂಡು ಅಂಗಳದಲ್ಲೇ ನಿಂತು ನೋಡಿ: ನಿಮ್ಮ ಮನೆಯಿಂದ ಪಕ್ಕದ ಮನೆಗೆ ಹೋಗಿರುವುದು ತಾಮ್ರವೋ, ಗಾಜೋ? ಗೊತ್ತಾಗದಿದ್ದರೆ ವೈರ್ ಎಳೆದವರನ್ನೇ ಕೇಳಿ.