ಊಜೊ ಬೆಳ್ಳಗಾಗುವುದೇಕೆ?

ಪ್ರಶ್ನೆ: ಆನ್‌ಲೈನ್ ಗೇಮ್‌ನಲ್ಲಿ ನಮ್ಮ ತಂಡದವರು ತಮ್ಮ ತಮ್ಮ ಊರಿನ ಖಡಕ್ ಮದ್ಯಗಳ ಬಗ್ಗೆ ಜಂಬ ಕೊಚ್ಚುತ್ತಿದ್ದರು. ಗ್ರೀಸಿನ ಗೆಳೆಯ, ‘ನಮ್ಮ ಊಜೊ ನೀರಿನಂತೆ ತಿಳಿ, ನೀರು ಬೆರೆಸಿದರೆ ಬೆಳ್ಳಗೆ’ ಎಂದ. ಇದು ನಿಜವೇ? ಹೇಗೆ?

ನಿಜ. ಊಜೊಗೆ ಘಮ ಕೊಡುವುದು ಸೋಂಪನ್ನು ಹೋಲುವ ಅನೀಸ್ ಬೀಜದ ಅನೆಥೋಲ್ ಎಂಬ ಎಣ್ಣೆ. ಅದು ಆಲ್ಕೊಹಾಲಿನಲ್ಲಿ ಸುಲಭವಾಗಿ ಕರಗುತ್ತದೆ. ನೀರಿನಲ್ಲಿ ಹೆಚ್ಚುಕಡಿಮೆ ಕರಗುವುದೇ ಇಲ್ಲ. ಊಜೊದಲ್ಲಿ ಸುಮಾರು 40% ಆಲ್ಕೊಹಾಲ್ ಇರುವುದರಿಂದ ಎಣ್ಣೆ ಪೂರ್ತಿ ಕರಗಿರುತ್ತದೆ, ಬೆಳಕು ಅಡ್ಡಿಯಿಲ್ಲದೆ ಹಾದುಹೋಗುತ್ತದೆ.

ನೀರು ಬೆರೆಸಿದೊಡನೆ ಆಲ್ಕೊಹಾಲಿನ ಪ್ರಮಾಣ ಇಳಿಯುತ್ತದೆ. ಕರಗಿ ಉಳಿಯಲಾಗದ ಎಣ್ಣೆ ಕಣ್ಣಿಗೆ ಬೀಳದಷ್ಟು ಸಣ್ಣ ಹನಿಗಳಾಗಿ ಬೇರ್ಪಡುತ್ತದೆ. ಈ ಹನಿಗಳು ಬೆಳಕಿನ ಎಲ್ಲ ಬಣ್ಣಗಳನ್ನೂ ಎಲ್ಲ ದಿಕ್ಕಿಗೂ ಚದುರಿಸುತ್ತವೆ. ಹಾಗಾಗಿ ದ್ರವ ಬೆಳ್ಳಗೆ ಕಾಣುತ್ತದೆ. ನೆಲ ಒರೆಸುವ ಬಕೆಟ್ ನೀರಿಗೆ ಕಪ್ಪು ಫಿನಾಯಿಲ್ ಹಾಕಿದಾಗ ನೀರು ಬೆಳ್ಳಗಾಗುವುದೂ ಇಂಥದೇ ಎಣ್ಣೆಹನಿಗಳಿಂದ.

ಟರ್ಕಿಯ ರಾಕಿ, ಲೆಬನಾನಿನ ಅರಾಕ್, ಫ್ರಾನ್ಸಿನ ಪಾಸ್ಟಿಸ್‌ಗಳಲ್ಲೂ ಅನೆಥೋಲ್ ಇದೆ. ಅವೂ ನೀರು ಬಿದ್ದರೆ ಮಬ್ಬಾಗುತ್ತವೆ. ಸಾಕಷ್ಟು ಆಲ್ಕೊಹಾಲನ್ನು ಮತ್ತೆ ಸೇರಿಸಿದರೆ ಎಣ್ಣೆ ಪುನಃ ಕರಗಿ ದ್ರವ ತಿಳಿಯಾಗುತ್ತದೆ.